ಏಳನೆಯ ಬೂಚು

"ತಡೀರಿ, ಮೊಣಕಾಲು ಬಡಿತೈತಿ," ಎಂದು ಮಾರೇಶ ಹೇಳುವಷ್ಟರಲ್ಲಿ ರುದ್ರಮುನಿಯ ಎಡಮೊಣಕಾಲು ಕಾರಿನ ಬಾಗಿಲಿಗೆ ಬಡಿದೇಬಿಟ್ಟಿತು. ಹೊತ್ತಿದ್ದ ನಾಲ್ವರು ಎರಡು ಹೆಜ್ಜೆ ಹಿಂದೆ ಸರಿದು ಅವನನ್ನು ಮತ್ತೆ ಮಣೆಯ ಮೇಲೆ ಇಳಿಸಿದರು. ಸತ್ತವನಿಗೆ ನೋವೆಲ್ಲಿಯದು ಎಂದು ಕೇಳುವವರು ಕೇಳಲಿ. ಗುರುಶಾಂತಮ್ಮ ಮಾತ್ರ ಓಡಿಬಂದು ಗಂಡನ ಮೊಣಕಾಲನ್ನು ಸೆರಗಿನಿಂದ ಒರೆಸಿದಳು.

ಹಿಂದಿನ ಸಂಜೆ ಜೀವ ಹೋದ ಕೂಡಲೇ, ಮೈ ಬಿಗಿಯುವ ಮೊದಲೇ, ಓಣಿಯ ಹಿರಿಯರು ಬಂದು ಅವನನ್ನು ಚಕ್ಕಳಮಕ್ಕಳ ಹಾಕಿಸಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಲಿಂಗವಂತರ ಮನೆಯಲ್ಲಿ ಹೋದವರನ್ನು ಮಲಗಿಸುವ ರೂಢಿಯಿಲ್ಲ, ಕೂತಂತೆಯೇ ಮಣ್ಣಿಗಿಡಬೇಕು. ಹಣೆಗೆ ವಿಭೂತಿ ಬಳಿದು, ಎಡ ಅಂಗೈಯಲ್ಲಿ ಲಿಂಗವಿಟ್ಟು, ಮೂಗಿಗೂ ಕಿವಿಗೂ ಹತ್ತಿ ತುರುಕಿದ್ದರು. ಬೆಳಗಾಗುವ ಹೊತ್ತಿಗೆ ಮೈ ಕಲ್ಲಾಗಿತ್ತು. ಶವ ಸಾಗಿಸುವ ವ್ಯಾನಿನವನು ಬಂದು ನೋಡಿ, ತನ್ನ ಗಾಡಿಯಲ್ಲಿ ಇರುವುದು ಮಲಗಿಸುವ ಸ್ಟ್ರೆಚರ್ ಒಂದೇ, ಕಾಲು ಬಿಡಿಸಿಕೊಡಿ ಎಂದು ತೆಲುಗಿನಲ್ಲಿ ಹೇಳಿದ. ಬಿಡಿಸುವುದೆಂದರೆ ಏನು ಮಾಡಬೇಕಾಗುತ್ತದೆ ಎಂಬುದು ನೆರೆದವರಿಗೆಲ್ಲ ಗೊತ್ತಿತ್ತು. ಗುರುಶಾಂತಮ್ಮ ಬೇಡವೆಂದಳು. ವ್ಯಾನು ಹೊರಟುಹೋಯಿತು.

ಮಣ್ಣಾಗಬೇಕಾದದ್ದು ಅವರು ನೆಲೆಸಿದ್ದ ಗಡಿಯ ಊರು ರಾಯದುರ್ಗದಲ್ಲಲ್ಲ. ರುದ್ರಮುನಿಯ ತಂದೆತಾಯಿ ಮಲಗಿರುವ ಹೊಲ ಮಡಕಶಿರಾದ ಹತ್ತಿರ, ನೂರು ಕಿಲೋಮೀಟರಿಗೂ ಆಚೆ. ಅಲ್ಲಿ ಅವನ ಅಕ್ಕ ಈಶ್ವರಮ್ಮ ಬೆಳಿಗ್ಗೆಯೇ ಕುಣಿ ತೋಡಿಸಿ ಕಾಯುತ್ತಿದ್ದಳು. ಹೊತ್ತು ಮುಳುಗುವುದರೊಳಗೆ ತಲುಪಲೇಬೇಕು. ಇನ್ನೊಂದು ರಾತ್ರಿ ಕಳೆದರೆ ಈ ಬಿಸಿಲಿಗೆ ಬಿಗಿ ಬಿಟ್ಟು ಮೈ ಕುಸಿಯುತ್ತದೆ, ಆಮೇಲೆ ಕೂರಿಸಲಾಗುವುದಿಲ್ಲ ಎಂದು ಹಿರಿಯರು ಎಚ್ಚರಿಸಿದ್ದರು. ಆ ದಿನ ಲಗ್ನಗಳು ಜೋರು. ಊರಿನ ಕಾರು, ಗೂಡ್ಸ್ ಗಾಡಿ, ಟ್ರಾಕ್ಟರು ಎಲ್ಲವೂ ಮದುವೆ ದಿಬ್ಬಣಗಳಿಗೆ ಹೋಗಿದ್ದವು. ಉಳಿದದ್ದು ರುದ್ರಮುನಿಯ ಗಾಡಿ ರಿಪೇರಿ ಶೆಡ್ಡಿನಲ್ಲಿ ಮೂರು ತಿಂಗಳಿಂದ ನಿಂತಿದ್ದ ಬಿಳಿ ಟರ್ಬೊ ಒಂದೇ.

ಅದು ಜೀನ್ಸ್ ಬಟ್ಟೆಯ ವ್ಯಾಪಾರಿ ದೊಡ್ಡಬಸಪ್ಪನ ಹದಿನಾರು ವರ್ಷದ ಹಳೆಯ ಡೀಸೆಲ್ ಕಾರು. ಕಂಪನಿಯ ಹೆಸರು ಊರಲ್ಲಿ ಯಾರಿಗೂ ಬೇಕಿರಲಿಲ್ಲ. ಹಿಂದಿನ ಗಾಜಿನ ಮೇಲಿದ್ದ 'ಟರ್ಬೊ' ಎಂಬ ಅಕ್ಷರಗಳೇ ಅದರ ಹೆಸರು. ಒಂದು ಕಾಲಕ್ಕೆ ಬಳ್ಳಾರಿಗೆ ಮುಕ್ಕಾಲು ಗಂಟೆಯಲ್ಲಿ ಹೋಗಿ ಬೀಗುತ್ತಿದ್ದ ಗಾಡಿ ಈಗ ಏರು ಕಂಡರೆ ಕಪ್ಪು ಹೊಗೆ ಕಾರಿ ಮುಗ್ಗರಿಸುತ್ತಿತ್ತು. ಅದರ ಕಾಯಿಲೆ ಏನೆಂದು ರುದ್ರಮುನಿಗೆ ಕೊನೆಗೂ ತಿಳಿಯಲಿಲ್ಲ. ಇಪ್ಪತ್ತೆಂಟು ವರ್ಷ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಮೇಸ್ತ್ರಿಗೆ ಈ ಒಂದು ಗಾಡಿ ಮಣ್ಣು ಮುಕ್ಕಿಸಿತ್ತು.

ಪಕ್ಕದ ಶೆಡ್ಡಿನ ಮಾರೇಶ ಇಪ್ಪತ್ತು ವರ್ಷದಿಂದ ರುದ್ರಮುನಿಯ ಜೊತೆ ಕೆಲಸ ಮಾಡಿದವನು. ಅವನು ಸ್ಪ್ಯಾನರ್ ತಂದು ಮುಂದಿನ ಎಡಗಡೆ ಸೀಟಿನ ನಾಲ್ಕು ಬೋಲ್ಟು ಬಿಚ್ಚಿ ಸೀಟನ್ನೇ ಹೊರಗೆ ಹಾಕಿದ. ಆ ಜಾಗದಲ್ಲಿ ಹಲಗೆ ಇಟ್ಟ ಮೇಲೆ ದೇಹ ಒಳಗೆ ಹೋಯಿತು. ಬಿಳಿ ಪಂಚೆಯಿಂದ ಎದೆಗೊಂದು, ಸೊಂಟಕ್ಕೊಂದು ಕಟ್ಟು ಬಿಗಿದರು. ಹಾಗೆ ರುದ್ರಮುನಿ ತನ್ನ ಎಂದಿನ ಜಾಗದಲ್ಲೇ ಕೂತ. ಯಾವ ಗಾಡಿಯನ್ನು ನೋಡಬೇಕಾದರೂ ಅವನು ಓಡಿಸುತ್ತಿರಲಿಲ್ಲ. ಎಡಗಡೆ ಕೂತು, ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಕೇಳುತ್ತಿದ್ದ.

ಮಾರೇಶ ಸ್ಟೇರಿಂಗ್ ಹಿಡಿದ. ಹಿಂದೆ ಗುರುಶಾಂತಮ್ಮ, ಪಕ್ಕದಲ್ಲಿ ಈಶ್ವರಮ್ಮನ ಮಗ ರೇಣುಕಾಪ್ರಸಾದ್, ಆ ಬದಿಗೆ ದೊಡ್ಡಬಸಪ್ಪ. ಗಾಡಿ ತನ್ನದೆಂದು ಬಂದನೋ, ನಾಚಿಕೆಯಾಗಿ ಬಂದನೋ, ಅಂತೂ ಯಾರೂ ಕರೆಯದೆ ಹೂವಿನ ಹಾರ ಹಿಡಿದು ಬಂದು ಕೂತಿದ್ದ. ಹನ್ನೊಂದಕ್ಕೆ ಗಾಡಿ ಹೊರಟಿತು.

*

ರುದ್ರಮುನಿಯ ಶೆಡ್ಡು ಇದ್ದದ್ದು ಬಳ್ಳಾರಿ ರಸ್ತೆಯಲ್ಲಿ. ಗಾಳಿ ಎದ್ದರೆ ಬೊಮ್ಮನಹಾಳ್ ಕಡೆಯ ಮರಳೆಲ್ಲ ನೇರ ಒಳಗೇ ಬರಬೇಕು, ಅಂಥ ಜಾಗ. ಟರ್ಬೊ ಅಂದರೆ ಮುಷ್ಟಿಗಾತ್ರದ ಚಕ್ರ, ಹೊಗೆಯ ರಭಸಕ್ಕೆ ತಿರುಗಿ ಇಂಜಿನ್ನಿಗೆ ಗಾಳಿ ತುಂಬುವಂಥದ್ದು. ಒಂದು ಹರಳು ಒಳಗೆ ಹೋದರೂ ಅದರ ಕತೆ ಮುಗಿಯಿತು. ಹಾಗಾಗಿ ಯಾವ ಪೈಪು ಬಿಚ್ಚಿದರೂ ಮೊದಲ ಕೆಲಸ ಅದರ ಬಾಯಿ ಮುಚ್ಚುವುದು. ಬೇರೆ ಮೇಸ್ತ್ರಿಗಳು ಕೈಗೆ ಸಿಕ್ಕ ಚಿಂದಿ ತುರುಕುತ್ತಿದ್ದರು. ರುದ್ರಮುನಿಗೆ ಅದು ಹಿಡಿಸುತ್ತಿರಲಿಲ್ಲ. ಚಿಂದಿಗೆ ಲೆಕ್ಕವಿಲ್ಲ, ಮರೆತರೆ ಗೊತ್ತಾಗುವುದಿಲ್ಲ ಎನ್ನುತ್ತಿದ್ದ.

ಆಗ ಬೂಚು ಹೊಲಿದುಕೊಟ್ಟವಳು ಗುರುಶಾಂತಮ್ಮ. ರಾಯದುರ್ಗದ ಅರ್ಧ ಹೆಂಗಸರಂತೆ ಅವಳೂ ಮನೆಯಲ್ಲಿ ಜೀನ್ಸ್ ಪ್ಯಾಂಟಿನ ಜೇಬು ಹೊಲಿಯುತ್ತಿದ್ದಳು. ಉಳಿದ ತುಂಡುಗಳನ್ನು ಎರಡು ಪದರ ಮಡಿಸಿ, ಲಿಂಬೆಹಣ್ಣಿನಿಂದ ಕಿತ್ತಳೆಯ ಗಾತ್ರದವರೆಗೆ ಏಳು ಬೂಚು ಮಾಡಿದಳು. ಪ್ರತಿಯೊಂದಕ್ಕೂ ಗೇಣುದ್ದ ಕೆಂಪು ದಾರದ ಜಡೆ. ಪೈಪಿನಿಂದ ಹೊರಗೆ ನೇತಾಡಿ ಕಣ್ಣಿಗೆ ಬೀಳಲಿ ಎಂದು. ರುದ್ರಮುನಿ ಗೋಡೆಗೆ ಏಳು ಮೊಳೆ ಹೊಡೆದ. ಕೆಲಸ ಮುಗಿದ ಮೇಲೆ ಏಳು ಮೊಳೆಯಲ್ಲೂ ಬೂಚು ಇರಬೇಕು, ಒಂದು ಮೊಳೆ ಖಾಲಿಯಿದ್ದರೂ ಗಾಡಿ ಶೆಡ್ಡು ಬಿಡುವಂತಿಲ್ಲ. ಗಿರಾಕಿ ಎಷ್ಟೇ ಕೂಗಾಡಲಿ, ಅವನು ಗೋಡೆಗೆ ಮುಖ ಮಾಡಿ ಎಣಿಸಿದ ಮೇಲೆಯೇ ಕೀಲಿ ಕೊಡುತ್ತಿದ್ದ. ಮಕ್ಕಳಿಲ್ಲದ ಮನೆ. ಆ ಎಣಿಕೆಯನ್ನು ಶೆಡ್ಡಿನ ಹಿಂದಿನ ಅಡುಗೆಮನೆಯಿಂದ ಕೇಳಿಸಿಕೊಳ್ಳುವುದು ಗುರುಶಾಂತಮ್ಮನಿಗೆ ಸುಖವಾಗಿತ್ತು.

ಆರು ವರ್ಷದ ಹಿಂದೆ ಒಮ್ಮೆ ಒಂದು ಮೊಳೆ ಖಾಲಿ ಕಂಡಿತು. ಬೊಮ್ಮನಹಾಳಿಗೆ ಹೋಗಿದ್ದ ಜೀಪನ್ನು ರುದ್ರಮುನಿ ಫೋನು ಮಾಡಿ ವಾಪಸು ಕರೆಸಿದ. ಇಡೀ ದಿನ ಬಿಚ್ಚಿದ. ಒಳಗೆ ಏನೂ ಇರಲಿಲ್ಲ. ಜೀಪಿನವನು ಬಾಯಿಗೆ ಬಂದಂತೆ ಬೈದು ಹೋದ. ಮರುದಿನ ಎಣ್ಣೆ ಡಬ್ಬಗಳ ಹಿಂದೆ ಇಲಿಯ ಗೂಡಿನಲ್ಲಿ ಆ ಬೂಚು ಸಿಕ್ಕಿತು. ಆ ದಿನ ರುದ್ರಮುನಿ ಊಟ ಮಾಡಲಿಲ್ಲ. ಬೈಗುಳ ಕೇಳುತ್ತಾ ತಲೆ ತಗ್ಗಿಸಿ ನಿಂತಿದ್ದ ಗಂಡನ ಮುಖ ಗುರುಶಾಂತಮ್ಮನ ಮನಸ್ಸಿನಿಂದ ಹೋಗಲೇ ಇಲ್ಲ.

*

ಕಲ್ಯಾಣದುರ್ಗ ದಾಟುವುದಕ್ಕೇ ಎರಡು ಗಂಟೆಯಾಯಿತು. ಬಯಲಿನಲ್ಲಿ ಗಾಡಿ ಹೇಗೋ ಮೂವತ್ತರಲ್ಲಿ ಓಡುತ್ತಿತ್ತು. ಕಾಲು ಒತ್ತಿದರೆ ಓಡುವುದಕ್ಕೆ ಬದಲು ಉಸಿರು ಕಟ್ಟಿದಂತೆ ಗೊರಗುಟ್ಟುತ್ತಿತ್ತು. ಕಿಟಕಿಯಿಂದ ಬಿಸಿಗಾಳಿ ರಾಚುತ್ತಿತ್ತು. ಪ್ರತಿ ಕುಲುಕಿಗೂ ರುದ್ರಮುನಿಯ ಮೈ ಇಡಿಯಾಗಿ ಸ್ವಲ್ಪ ಎಡಕ್ಕೆ ವಾಲುತ್ತಿತ್ತು, ಗುರುಶಾಂತಮ್ಮ ಹಿಂದಿನಿಂದ ಕೈ ಚಾಚಿ ತಲೆ ಹಿಡಿದು ನೆಟ್ಟಗೆ ಮಾಡುತ್ತಿದ್ದಳು.

ರೇಣುಕಾಪ್ರಸಾದನ ಫೋನು ಅರ್ಧ ಗಂಟೆಗೊಮ್ಮೆ ಬಡಿದುಕೊಳ್ಳುತ್ತಿತ್ತು. ಅವನು ಹಳ್ಳಿಯ ಸಚಿವಾಲಯವೆಂಬ ಸರ್ಕಾರಿ ಕಚೇರಿಯಲ್ಲಿ ಕೆಲಸದಲ್ಲಿದ್ದವನು, ಯಾರಿಗೂ ಗಟ್ಟಿಯಾಗಿ ಮಾತಾಡಿದವನಲ್ಲ. ಈಗ ಅವನ ದನಿಯೂ ಏರಿತ್ತು.

"ಅಯ್ನೋರು ಕಾಯ್ತಾವ್ರಂತೆ ಅತ್ತೆ. ಹೊತ್ತು ಮುಳುಗಿದ್ಮೇಲೆ ಕುಣಿ ಮುಚ್ಚಕಾಗಲ್ಲ ಅಂತಾವ್ರೆ."

ಗುರುಶಾಂತಮ್ಮ ತಲೆಯಾಡಿಸಿದಳು. ದೊಡ್ಡಬಸಪ್ಪನಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಈ ಗಾಡಿಗೆ ಏನೇನು ಮಾಡಿ ನೋಡಿದಿರಿ ಎಂದು ಮಾರೇಶನನ್ನು ಕೇಳಿದ. ಮಾರೇಶ ರಸ್ತೆಯ ಮೇಲಿನ ಕಣ್ಣು ತೆಗೆಯದೆ ಒಂದೊಂದಾಗಿ ಹೇಳಿದ. ಏರ್‌ಫಿಲ್ಟರ್ ಹೊಸದು, ಡೀಸೆಲ್ ಫಿಲ್ಟರ್ ಹೊಸದು. ನಾಜಲ್‌ಗಳನ್ನು ಬಳ್ಳಾರಿಗೆ ಒಯ್ದು ತೊಳೆಸಿದ್ದಾಯಿತು. ಟರ್ಬೊ ಇಳಿಸಿ ಚಕ್ರ ಅಲುಗಾಡುತ್ತದೆಯೇ ಎಂದು ನೋಡಿದರು, ಕೂದಲೆಳೆಯಷ್ಟೂ ಇಲ್ಲ. ಗಾಳಿ ಸೋರುತ್ತದೆಯೇ ಎಂದು ಪ್ರತಿ ಪೈಪಿಗೂ ಸೋಪಿನ ನೀರು ಬಳಿದರು, ಒಂದು ಗುಳ್ಳೆ ಏಳಲಿಲ್ಲ. ನಿಂತಾಗ ಗಾಡಿ ಸರಿಯಾಗೇ ಇರುತ್ತದೆ, ಭಾರ ಬಿದ್ದಾಗ ಮಾತ್ರ ಸಾಯುತ್ತದೆ.

"ಮುಂದ ಬಂಪರ್ ಹಿಂದ ಜಾಳಿಗಿ ಐತಲ್ಲ, ಗಾಳಿ ತಣ್ಣಗ ಮಾಡೋದು. ಅದನ್ನ ಬಿಚ್ಚಲಿಲ್ಲೇನು?"

"ಇಂಟರ್‌ಕೂಲರ್ರಿ. ಅದನ್ನೊಂದು ಬಿಚ್ಚಲಿಲ್ಲ," ಎಂದ ಮಾರೇಶ. "ನಾನು ಎರಡು ಸಲ ಕೇಳಿದೆ. ಮೇಸ್ತ್ರಿ ಗೋಡಿ ತೋರಿಸಿದ್ರು. ಏಳೂ ಬೂಚು ಮೊಳಿಗೆ ಅದಾವ, ಆ ಪೈಪು ನನ್ನ ಕೈಯಾಗ ಮುಚ್ಚೀನಿ, ಒಳಗ ಏನಿರತೈತಿ ಅಂದ್ರು. ಸುಮ್ಮನಾದೆ."

ಗುರುಶಾಂತಮ್ಮನ ಕೈ ಗಂಡನ ತಲೆಯ ಮೇಲೆಯೇ ನಿಂತಿತು. ಮೂರು ತಿಂಗಳಿಂದ ತನಗೆ ತಾನೇ ಕೇಳಿಕೊಳ್ಳಲು ಹೆದರಿದ್ದ ಮಾತನ್ನು ಬೇರೆಯವರ ಬಾಯಲ್ಲಿ ಕೇಳಿದಳು.

*

ಶಿವರಾತ್ರಿ ಕಳೆದ ವಾರ. ದೊಡ್ಡಬಸಪ್ಪ ಮುಂದಿನ ಪೈಪು ಹರಿದಿದೆ ಎಂದು ಗಾಡಿ ತಂದಿದ್ದ. ಹಳೆಯ ಪೈಪು ಬಿಚ್ಚಿ, ಇಂಟರ್‌ಕೂಲರ್ ಬಾಯಿಗೆ ಬೂಚು ಇಟ್ಟು, ಹೊಸ ಪೈಪು ತರಿಸಿ ರುದ್ರಮುನಿ ಕೂರಿಸುತ್ತಿರುವಾಗ ಮಡಕಶಿರಾದಿಂದ ಫೋನು ಬಂತು. ಈಶ್ವರಮ್ಮ ಬಚ್ಚಲಲ್ಲಿ ಬಿದ್ದಿದ್ದಾಳೆ, ಎಚ್ಚರ ತಪ್ಪಿದೆ, ಆಸ್ಪತ್ರೆಗೆ ಒಯ್ಯುತ್ತಿದ್ದೇವೆ. ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿದವಳು ಆ ಅಕ್ಕ. ಈ ಕಡೆ ದೊಡ್ಡಬಸಪ್ಪ ಬಳ್ಳಾರಿಗೆ ಹೊತ್ತಾಯಿತೆಂದು ತಲೆಯ ಮೇಲೆ ನಿಂತಿದ್ದ. ರುದ್ರಮುನಿ ಕೆಲಸದ ಕಡೆ ನೋಡದೆಯೇ ಪೈಪು ತಳ್ಳಿ, ಕ್ಲಾಂಪು ಬಿಗಿದು, ಕೀಲಿ ಕೊಟ್ಟು, ಗ್ರೀಸು ಮೆತ್ತಿದ ಕೈಯಲ್ಲೇ ಬಸ್ಸು ಹತ್ತಿದ. ಗೋಡೆಯ ಕಡೆ ತಿರುಗಿ ನೋಡಲಿಲ್ಲ.

ಮರುದಿನ ಶೆಡ್ಡು ಗುಡಿಸಲು ಹೋದ ಗುರುಶಾಂತಮ್ಮನಿಗೆ ಕೊನೆಯ ಮೊಳೆ ಖಾಲಿ ಕಂಡಿತು. ಡಬ್ಬಗಳ ಹಿಂದೆ ಕೈಹಾಕಿ ತಡಕಾಡಿದಳು, ಸಿಗಲಿಲ್ಲ. ಮತ್ತೆ ಇಲಿಯೇ ಅಂದುಕೊಂಡಳು. ಅಂದುಕೊಂಡದ್ದಕ್ಕಿಂತ ಹಾಗೆ ಇರಲಿ ಎಂದು ಬಯಸಿದಳು ಎಂದರೆ ಸರಿಯಾದೀತು. ಗಂಡ ಆಸ್ಪತ್ರೆಯಿಂದ ಸುಸ್ತಾಗಿ ಬಂದು ಈ ಖಾಲಿ ಮೊಳೆ ನೋಡಿದರೆ ದೊಡ್ಡಬಸಪ್ಪನನ್ನು ವಾಪಸು ಕರೆಸುತ್ತಾನೆ. ಬಿಚ್ಚುತ್ತಾನೆ. ಏನೂ ಸಿಗುವುದಿಲ್ಲ. ದೊಡ್ಡಬಸಪ್ಪ ಜೀಪಿನವನಂತೆ ಬೈದು ಸುಮ್ಮನಾಗುವ ಪೈಕಿಯಲ್ಲ, ಊರಿಗೆಲ್ಲ ಡಂಗುರ ಸಾರುವವನು. ಮತ್ತೆ ಆ ತಗ್ಗಿಸಿದ ಮುಖ ನೋಡುವುದು ಅವಳಿಂದಾಗದು. ಅದೇ ನೀಲಿ ತುಂಡು, ಅದೇ ಕೆಂಪು ದಾರ ತೆಗೆದು ಇನ್ನೊಂದು ಹೊಲಿದಳು. ಹೊಸದೆಂದು ಕಾಣದಿರಲಿ ಎಂದು ಸುಟ್ಟ ಎಣ್ಣೆಯಲ್ಲಿ ಅದ್ದಿ, ನೆಲದ ಧೂಳಿನಲ್ಲಿ ಹೊರಳಿಸಿ, ಮೊಳೆಗೆ ನೇತುಹಾಕಿದಳು. ಮಾಡಿದ ಕೆಲಸಕ್ಕೆ ಒಳಗೊಳಗೇ ಹಿಗ್ಗಿದಳು ಕೂಡ.

ನಾಲ್ಕನೆಯ ದಿನ ರುದ್ರಮುನಿ ಬಂದ. ಅಕ್ಕ ಉಳಿದಿದ್ದಳು. ಬಸ್ಸಿಳಿದವನು ಕೈಕಾಲು ತೊಳೆಯಲಿಲ್ಲ, ಚೀಲ ಇಳಿಸಲಿಲ್ಲ, ನೇರ ಶೆಡ್ಡಿಗೆ ಹೋಗಿ ಗೋಡೆಯ ಮುಂದೆ ನಿಂತ. ಬೆರಳು ಮಡಚಿ ಎಣಿಸಿದ. ಆಮೇಲೆ ಅಲ್ಲೇ ಟೈರಿನ ಮೇಲೆ ಕುಸಿದು ಕೂತು ಮುಖ ಒರೆಸಿಕೊಂಡ.

"ಏಳೂ ಅವೆ ಕಣೇ," ಎಂದ. ಎಷ್ಟು ವರ್ಷ ರಾಯದುರ್ಗದಲ್ಲಿದ್ದರೂ ಅವನ ನಾಲಗೆ ಮಡಕಶಿರಾ ಬಿಟ್ಟಿರಲಿಲ್ಲ. "ನಾಕು ದಿನದಿಂದ ಅದೇ ಯೋಚ್ನೆ. ತೆಗೆದ್ನೋ ಬಿಟ್ನೋ ಅಂತ. ನಿದ್ದೇನೇ ಬಂದಿಲ್ಲ. ನೀರು ಕೊಡು."

ಅವಳು ನೀರು ತಂದುಕೊಟ್ಟಳು. ಆಗ ಹೇಳಬಹುದಿತ್ತು. ಒಂದೇ ಒಂದು ಮಾತು. ನಾಲ್ಕು ದಿನದ ಮೇಲೆ ಅವನು ನೆಮ್ಮದಿಯಿಂದ ನೀರು ಕುಡಿಯುತ್ತಿದ್ದ, ಅದನ್ನು ಕೆಡಿಸಲು ಅವಳಿಗೆ ಬಾಯಿ ಬರಲಿಲ್ಲ.

ಹತ್ತು ದಿನಕ್ಕೆ ಗಾಡಿ ವಾಪಸು ಬಂತು, ಪಿಕಪ್ ಇಲ್ಲವೆಂದು. ಅವಳಿಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ, ಗೊತ್ತಿತ್ತು ಎಂದರೂ ಸುಳ್ಳೇ. ಬೂಚು ಅಲ್ಲಿದ್ದರೆ ಇವರೇ ಬಿಚ್ಚಿ ನೋಡುತ್ತಾರೆ, ಇವರಿಗೆ ತಿಳಿಯದ್ದು ನನಗೇನು ತಿಳಿದೀತು ಎಂದು ಸಮಾಧಾನ ಹೇಳಿಕೊಂಡಳು. ಒಂದು ವಾರ ಹೋಯಿತು, ಒಂದು ತಿಂಗಳು ಹೋಯಿತು. ಹೇಳದೆ ಉಳಿದ ಮಾತು ದಿನದಿಂದ ದಿನಕ್ಕೆ ಹೇಳಲಾರದ ಮಾತಾಯಿತು. ದೊಡ್ಡಬಸಪ್ಪ ಹೋಟೆಲಿನಲ್ಲಿ ಹತ್ತು ಮಂದಿಯ ಎದುರು ಮೇಸ್ತ್ರಿಯ ಕಿವಿ ಹೋಗಿವೆ, ಅವನ ಹತ್ತಿರ ಗಾಡಿ ಬಿಡಬೇಡಿ ಎಂದ. ಗಿರಾಕಿಗಳು ಹೊಸ ಬಸ್‌ಸ್ಟ್ಯಾಂಡಿನ ಕಡೆಯ ಶೆಡ್ಡುಗಳಿಗೆ ತಿರುಗಿದರು. ರುದ್ರಮುನಿ ಸರಿಯಾಗಿದ್ದ ತನ್ನ ಕಿವಿಯನ್ನು ಬಳ್ಳಾರಿಯ ಡಾಕ್ಟರಿಗೆ ತೋರಿಸಿಕೊಂಡು ಬಂದ. ದಿನವೂ ಆ ಗಾಡಿಯ ಎಡಗಡೆ ಕೂತು ಕೇಳುತ್ತಿದ್ದ. ಅನ್ನ ಅರ್ಧಕ್ಕೆ ಬಿಡುತ್ತಿದ್ದ. ಸುಮ್ಮನೆ ಕೂತಲ್ಲೇ, ನನಗೆ ವಯಸ್ಸಾಯ್ತಾ ಅಂತ ಕೇಳುತ್ತಿದ್ದ.

ನಿನ್ನೆ ಸಂಜೆ ಚಹಾ ತೆಗೆದುಕೊಂಡು ಹೋದಾಗಲೂ ಅಲ್ಲೇ ಕೂತಿದ್ದ. ಇಂಜಿನ್ ಓಡುತ್ತಿತ್ತು. ಕಣ್ಣು ಮುಚ್ಚಿತ್ತು, ಅಂಗೈ ಡ್ಯಾಶ್‌ಬೋರ್ಡಿನ ಮೇಲಿತ್ತು. ಕೇಳುತ್ತಿದ್ದಾರೆ, ಮಾತಾಡಿಸಬಾರದು ಎಂದು ಅವಳು ಲೋಟ ಹಿಡಿದು ಬಾಗಿಲ ಬಳಿ ನಿಂತಳು. ಚಹಾ ಪೂರ್ತಿ ತಣ್ಣಗಾಗುವವರೆಗೂ ನಿಂತಿದ್ದಳು.

*

ಪಾವಗಡ ದಾಟಿದ ಮೇಲೆ ಏರು ಶುರುವಾಯಿತು. ಮಾರೇಶ ಎರಡನೆಯ ಗೇರಿಗೆ ಇಳಿಸಿದ, ಮೊದಲನೆಯದಕ್ಕೆ ಇಳಿಸಿದ. ಹಿಂದೆಲ್ಲ ಕಪ್ಪು ಹೊಗೆ. ಅರ್ಧ ಏರಿನಲ್ಲಿ ಗಾಡಿ ನಡುಗಿ ನಿಂತುಹೋಯಿತು. ಮತ್ತೆ ಚಾಲು ಮಾಡಿದ, ಹತ್ತು ಮಾರು ಹೋಗಿ ಮತ್ತೆ ನಿಂತಿತು. ರೇಣುಕಾಪ್ರಸಾದ್ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ.

ಹೊತ್ತು ಪಡುವಣಕ್ಕೆ ಇಳಿದಿತ್ತು. ದೊಡ್ಡಬಸಪ್ಪ ರಸ್ತೆಯ ನಡುವೆ ನಿಂತು ಬಂದ ಗಾಡಿಗಳಿಗೆಲ್ಲ ಕೈ ಅಡ್ಡ ಹಾಕಿದ. ಎರಡು ಲಾರಿಯವರು ನಿಧಾನ ಮಾಡಿದರು, ಮುಂದೆ ಕೂತವನನ್ನು ನೋಡಿ ಹೊರಟುಹೋದರು. ರೇಣುಕಾಪ್ರಸಾದನ ಫೋನು ಮತ್ತೆ ಬಡಿಯಿತು. ಅವನು ಎತ್ತಲಿಲ್ಲ.

"ಬಿಸಿಲಿಗೆ ಮೈ ಇಳೀತಾ ಐತೆ ಅತ್ತೆ," ಎಂದ ಮೆಲ್ಲಗೆ. ನಿಜ. ಬೆಳಿಗ್ಗೆ ಕಲ್ಲಿನಂತಿದ್ದ ಕತ್ತು ಈಗ ಕೈಯಿಟ್ಟರೆ ಸುಲಭವಾಗಿ ತಿರುಗುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಸೊಂಟವೂ ನಿಲ್ಲುವುದಿಲ್ಲ. ದಾರಿಯಲ್ಲೇ, ಯಾರದೋ ಹೊಲದ ಬದಿಯಲ್ಲಿ ಅವನನ್ನು ಮಲಗಿಸಬೇಕಾಗುತ್ತದೆ.

ಗುರುಶಾಂತಮ್ಮ ಆ ಏರಿನಲ್ಲಿ ನಿಂತು ಹುಚ್ಚಿಯಂತೆ ಲೆಕ್ಕ ಹಾಕಿದಳು. ಬಿಚ್ಚಿಸಿದರೆ, ಒಳಗೆ ಏನೂ ಇಲ್ಲದಿದ್ದರೆ, ತಾನು ಬದುಕಿದಂತೆ. ಇದ್ದರೆ ಗಾಡಿ ಏರುತ್ತದೆ, ಗಂಡ ಮಣ್ಣು ಸೇರುತ್ತಾನೆ, ಆದರೆ ಸತ್ತ ಮೇಲೂ ಮರೆಗುಳಿ ಎನ್ನಿಸಿಕೊಳ್ಳುತ್ತಾನೆ. ಇರದಿರಲಿ ಎಂದು ಬೇಡಿಕೊಳ್ಳಲು ಹೋದವಳಿಗೆ, ಇರಲಿ ಎಂದೂ ಬೇಡಿಕೊಳ್ಳಬೇಕಾಯಿತು. ಯಾವ ದೇವರಿಗೆ ಏನು ಹೇಳಬೇಕೋ ತಿಳಿಯಲಿಲ್ಲ.

"ಮಾರೇಶ, ಮುಂದಿನ ಪೈಪು ಬಿಚ್ಚು," ಎಂದಳು.

"ಅಲ್ಲೇನಿಲ್ರಿ ಅಕ್ಕಾರ. ಏಳೂ ಮೊಳಿಗೆ ಅದಾವ. ಮೇಸ್ತ್ರಿನ ಎಣಿಸ್ಯಾರ."

"ಏಳರಾಗ ಒಂದು ನಾನು ಆಮ್ಯಾಲೆ ಹೊಲಿದಿದ್ದು."

ಮಾರೇಶ ಅವಳ ಮುಖವನ್ನೇ ನೋಡಿದ. ಇಪ್ಪತ್ತು ವರ್ಷ ಆ ಗೋಡೆಯ ಎದುರು ಕೆಲಸ ಮಾಡಿದವನಿಗೆ ಅಷ್ಟು ಮಾತು ಸಾಕು. ರಸ್ತೆಯ ಮೇಲೆ ಅಂಗಾತ ಮಲಗಿ ಬಂಪರಿನ ಕೆಳಗೆ ತೂರಿದ. ತಗಡು ಬಿಚ್ಚುವ ಸದ್ದು, ಕ್ಲಾಂಪು ಸಡಿಲಿಸುವ ಸದ್ದು. ಬಿಸಿಪೈಪು ಕೈ ಸುಟ್ಟಿರಬೇಕು, ಒಮ್ಮೆ ಬುಸ್ ಎಂದ. ಎರಡು ಬೆರಳು ಒಳಗೆ ಹಾಕಿದ, ಸಿಗಲಿಲ್ಲ. ತಂತಿ ಕೇಳಿದ. ರೇಣುಕಾಪ್ರಸಾದ್ ಬೇಲಿಯಿಂದ ಒಂದು ತುಂಡು ಮುರಿದು ತಂದ. ತಂತಿಯ ತುದಿ ಬಗ್ಗಿಸಿ ತಿರುವಿ ಎಳೆದಾಗ ಮೊದಲು ಬಂದದ್ದು ಕೆಂಪು ದಾರದ ಜಡೆ.

ಅದರ ಹಿಂದೆ ಬೂಚು ಬಂತು. ಎಣ್ಣೆ ಕುಡಿದು ಕಪ್ಪಾಗಿ, ಜಾಳಿಗೆಗೆ ಒತ್ತಿ ಒತ್ತಿ ಚಪ್ಪಟೆಯಾಗಿತ್ತು. ಗಾಡಿ ನಿಂತಾಗ ಇದು ಸಡಿಲವಾಗಿ ಬಿದ್ದಿರುತ್ತದೆ, ಗಾಳಿಯ ಒತ್ತಡ ಏರಿದಾಗ ಜಾಳಿಗೆಗೆ ಅಂಟಿ ಉಸಿರು ಕಟ್ಟಿಸುತ್ತದೆ. ಮೂರು ತಿಂಗಳ ರೋಗ ಮಾರೇಶನ ಅಂಗೈಯಲ್ಲಿತ್ತು. ಅವನು ಅದನ್ನು ಹಿಡಿದುಕೊಂಡೇ ರಸ್ತೆಯಲ್ಲಿ ಕೂತುಬಿಟ್ಟ. ಅವನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

"ಅಂದ್ರ ಮೇಸ್ತ್ರಿನ ಮರ್ತಿದ್ದ," ಎಂದ ದೊಡ್ಡಬಸಪ್ಪ.

"ಮರ್ತಿದ್ರು," ಎಂದಳು ಗುರುಶಾಂತಮ್ಮ. "ನಾಕು ದಿನಕ್ಕ ಬಂದು ನೋಡಿದ್ರು. ಆರು ಕಂಡಿದ್ರ ಅವತ್ತೇ ನಿಮ್ಮನ್ನ ಕರೆಸ್ತಿದ್ರು. ಏಳು ಕಾಣೋಹಂಗ ಮಾಡಿದಾಕಿ ನಾನು. ಅವರ ಕಿವಿ ಹೋಗಿದ್ದಿಲ್ಲರಿ. ನೀವು ಹತ್ತು ಮಂದಿ ಮುಂದ ಅಂದಿದ್ದನ್ನ ಹತ್ತು ಮಂದಿ ಮುಂದ ತಿರುಗಿ ಹೇಳ್ರಿ. ನನ್ನ ಹೆಸರು ಹೇಳ್ರಿ."

ದೊಡ್ಡಬಸಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ.

ಮಾರೇಶ ಪೈಪು ಕೂರಿಸಿ ಕ್ಲಾಂಪು ಬಿಗಿದ. ಎದ್ದು ನಿಂತು, ಯಾರೂ ಕೇಳದಿದ್ದರೂ, ಒಳಗೆ ಏನೂ ಬಿಟ್ಟಿಲ್ಲವೆಂದು ಖಾಲಿ ಅಂಗೈ ಎರಡನ್ನೂ ರುದ್ರಮುನಿಯ ಮುಂದೆ ಚಾಚಿ ತೋರಿಸಿದ. ಕೆಳಗಿಟ್ಟಿದ್ದ ಬೂಚನ್ನು ತನ್ನ ಜೇಬಿಗೆ ಹಾಕಿಕೊಂಡ. ಆಮೇಲೆ ಅವನು ಗುರುಶಾಂತಮ್ಮನ ಕಡೆ ತಿರುಗಿ ನೋಡಲಿಲ್ಲ.

*

ಗಾಡಿ ಏರಿತು. ಎರಡನೆಯ ಗೇರು, ಮೂರನೆಯ ಗೇರು. ಹೊಗೆ ಇಲ್ಲ, ಗೊರಗುಟ್ಟುವುದೂ ಇಲ್ಲ. ಏರಿನ ತುದಿಗೆ ಬರುವಾಗ ಇಂಜಿನ್ನಿನೊಳಗಿಂದ ತೆಳ್ಳಗೆ ಒಂದು ಶಿಳ್ಳೆ ಎದ್ದಿತು. ಟರ್ಬೊದ ಶಿಳ್ಳೆ. ಮೂರು ತಿಂಗಳು ರುದ್ರಮುನಿ ಕಣ್ಣು ಮುಚ್ಚಿ ಹುಡುಕುತ್ತಿದ್ದದ್ದು ಈ ಸದ್ದನ್ನೇ. ಮಡಕಶಿರಾದವರೆಗೂ ಅದು ನಿಲ್ಲಲಿಲ್ಲ. ಅವನು ಅದರ ಪಕ್ಕದಲ್ಲೇ, ಒಂದು ಮೊಳ ದೂರದಲ್ಲಿ ಕೂತಿದ್ದ. ಎರಡೂ ಕಿವಿಯಲ್ಲಿ ಹತ್ತಿ ಇತ್ತು.

ಗುರುಶಾಂತಮ್ಮ ಸೆರಗು ಬಾಯಿಗೆ ತುರುಕಿಕೊಂಡು ಕೂತಳು. ಈ ಸದ್ದು ಕೇಳುವುದಕ್ಕಿಂತ ಗಾಡಿ ಆ ಏರಿನಲ್ಲೇ ನಿಂತಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೂ ನಾಚಿಕೆಯಾಯಿತು. ಗಾಡಿ ಹೊಸದರಂತೆ ಓಡುತ್ತಿದೆ ಎಂದು ದೊಡ್ಡಬಸಪ್ಪ ಬಾಯಿತಪ್ಪಿ ಹೇಳಿ, ಆಮೇಲೆ ಯಾರ ಮುಖವನ್ನೂ ನೋಡದೆ ಕಿಟಕಿಯ ಹೊರಗೆ ನೋಡಿದ.

ಹೊಲ ತಲುಪಿದಾಗ ಹೊತ್ತು ಇನ್ನೂ ಹುಣಸೆಮರದ ಮೇಲಿತ್ತು. ಕುಣಿಯ ಸುತ್ತ ಜನ ಸೇರಿದ್ದರು. ಅಯ್ಯನವರು ಅವಸರ ಮಾಡಿದರು. ಕಟ್ಟು ಬಿಚ್ಚಿ ಇಳಿಸುವಾಗ ರುದ್ರಮುನಿಯ ಬೆನ್ನು ಇನ್ನೂ ನೆಟ್ಟಗೇ ಇತ್ತು. ಈಶ್ವರಮ್ಮ ಕೋಲು ಊರಿಕೊಂಡು ಬಂದು ತಮ್ಮನ ಗಲ್ಲ ಹಿಡಿದಳು. ಇಷ್ಟು ಹೊತ್ತು ಮಾಡಿದೆಯಲ್ಲೋ ಎಂದು ಅತ್ತಳು. ತಾನು ಬಚ್ಚಲಲ್ಲಿ ಬಿದ್ದ ದಿನಕ್ಕೂ ಇದಕ್ಕೂ ಏನು ನಂಟು ಎಂದು ಅವಳಿಗೆ ಗೊತ್ತಿರಲಿಲ್ಲ. ಗುರುಶಾಂತಮ್ಮ ಹೇಳಲಿಲ್ಲ, ಆ ಭಾರ ಇನ್ನೊಬ್ಬರ ತಲೆಗೆ ಬೇಡವೆನಿಸಿತು.

ಅವನನ್ನು ಕುಣಿಯೊಳಗೆ ಕೂರಿಸಿದರು. ಅಯ್ಯನವರು ಮಂತ್ರ ಹೇಳಿ ತಲೆಯ ಮೇಲೆ ಪಾದವಿಟ್ಟರು. ಒಬ್ಬೊಬ್ಬರೇ ಬಂದು ವಿಭೂತಿ, ಪತ್ರೆ ಹಾಕಿದರು. ಮಾರೇಶ ಬಂದು ಜೇಬಿಗೆ ಕೈ ಹಾಕಿದ, ಏನೋ ಯೋಚಿಸಿ ಖಾಲಿ ಕೈಯನ್ನೇ ತೆಗೆದು ಮೇಸ್ತ್ರಿಯ ಪಾದ ಮುಟ್ಟಿ ಹೋದ. ಕೊನೆಗೆ ಗುರುಶಾಂತಮ್ಮನನ್ನು ಕರೆದರು. ಕುಣಿಯ ಮೆಟ್ಟಿಲಿಳಿದು ಅವಳು ಗಂಡನ ಪಕ್ಕ ಮೊಣಕಾಲೂರಿದಳು. ಪತ್ರೆ ಹಾಕಿದಳು. ಆಮೇಲೆ ಎಡಗಿವಿಯ ಹತ್ತಿಯನ್ನು ಎರಡು ಬೆರಳಿನಿಂದ ಹಿಡಿದು ಹೊರಗೆಳೆದು, ಆ ಕಿವಿಗೆ ಬಾಯಿ ಹತ್ತಿರ ತಂದಳು.

"ಅವತ್ತು ಆರೇ ಇದ್ವುರೀ," ಎಂದಳು.

ಇನ್ನೂ ಹೇಳುವುದಿತ್ತು. ಹೊತ್ತಾಯಿತು ಎಂದು ಮೇಲಿನಿಂದ ಅಯ್ಯನವರ ದನಿ ಬಂತು. ರೇಣುಕಾಪ್ರಸಾದ್ ಕೈ ಚಾಚಿ ಅವಳನ್ನು ಮೇಲಕ್ಕೆ ಎಳೆದುಕೊಂಡ. ಉಪ್ಪು ಸುರಿದರು. ನಾಲ್ಕೂ ಕಡೆಯಿಂದ ಸಲಿಕೆಗಳು ಮಣ್ಣು ತಳ್ಳತೊಡಗಿದವು.

ಎಲ್ಲರೂ ಕೈ ಮುಗಿದರು. ತಾನೂ ಮುಗಿಯಲೆಂದು ಗುರುಶಾಂತಮ್ಮ ಮುಷ್ಟಿ ಬಿಚ್ಚಿದಳು. ಮತ್ತೆ ಕಿವಿಗಿಡಬೇಕಾಗಿದ್ದ ಹತ್ತಿ ಅಂಗೈಯಲ್ಲೇ ಇತ್ತು. ಕುಣಿಯೊಳಗೆ ಮಣ್ಣು ಆಗಲೇ ಹೆಗಲು ಮುಟ್ಟಿತ್ತು.